ಸಾಲಿನಿಂದ ಸಾಲಿಗೆ ಕಿರಿದಾಗುವ ಕ್ರೋಶಾ ಪಟ್ಟಿ
20 ಹೊಲಿಗೆಯಲ್ಲಿ ಶುರುವಾದ ಡಬಲ್ ಕ್ರೋಶಾ (ಕಡ್ಡಿಗೆ ಒಮ್ಮೆ ನೂಲು ಸುತ್ತಿ ಹಾಕುವ ಎತ್ತರದ ಹೊಲಿಗೆ) ಪಟ್ಟಿ 10ನೇ ಸಾಲಿಗೆ 11ಕ್ಕಿಳಿದಿದೆ ಅಂದರೆ ಸಾಲಿಗೊಂದು ಹೊಲಿಗೆ ತಪ್ಪುತ್ತಿದೆ. ಬಹುಶಃ ಸಾಲಿನ ಕೊನೆಯದೇ. ಪಟ್ಟಿ ತಿರುಗಿಸುವಾಗ ಹಾಕುವ 3 ಚೈನೇ (ಸರಪಳಿ ಕುಣಿಕೆ) ಹೊಸ ಸಾಲಿನ ಮೊದಲ ಹೊಲಿಗೆ (ಅದು ಲೆಕ್ಕಕ್ಕಿಲ್ಲ ಎನ್ನುವ ಮಾದರಿಗಳೂ ಇವೆ, ನಿಮ್ಮದನ್ನು ನೋಡಿಕೊಳ್ಳಿ). ಹಾಗಾಗಿ ಅದರ ಬುಡದ ಹೊಲಿಗೆ ಬಿಟ್ಟು ಮುಂದಿನದಕ್ಕೆ ಕಡ್ಡಿ ಹಾಕಿ. ಸಾಲಿನ ಕಡೆಯ ಹೊಲಿಗೆ ಹಿಂದಿನ ಸಾಲಿನ ಆ ಚೈನಿನ ಮೇಲ್ತುದಿಗೆ ಬೀಳಬೇಕು. ಆ ಮೇಲ್ತುದಿ ಅಂಚಿಗೆ ವಾಲಿಕೊಂಡು ಬರೀ ಗಂಟಿನ ಹಾಗೆ ಕಾಣುತ್ತದೆ, ಹಾರಿಹೋಗುವುದು ಅಲ್ಲೇ.

ಮೊದಲ ಸಾಲಿನವರೆಗೂ ಬಿಚ್ಚಲೇಬೇಕು, ಬೇರೆ ದಾರಿಯಿಲ್ಲ. ಚೈನ್ ಹಾಕಿದ ಕೂಡಲೇ ಮೂರನೆಯದಕ್ಕೆ ಬೇರೆ ಬಣ್ಣದ ನೂಲಿನ ತುಂಡು ಸಿಕ್ಕಿಸಿ. ಮರಳಿ ಬಂದಾಗ ಕಡ್ಡಿ ಅಲ್ಲಿಗೇ. ಪ್ರತಿ ಸಾಲೂ ಎಣಿಸಿ, ಚೈನ್ ಸೇರಿ 20 ಬರಬೇಕು. 20 ಇದ್ದೂ ಕಿರಿದಾದರೆ ಕೈ ಬಿಗಿಯಾಗುತ್ತಿದೆ, ಈಗಿನದಕ್ಕಿಂತ ಅರ್ಧ ಮಿ.ಮೀ. ಹೆಚ್ಚು ದಪ್ಪನೆಯ ಕಡ್ಡಿ ಹಿಡಿಯಿರಿ.