ಸುಣ್ಣ ಜಾಸ್ತಿ ಹಾಕಿದರೂ ಪಾದರಸ ಇಳಿಯುತ್ತಿಲ್ಲ

ಪ್ರಶ್ನೆ: ಮಾಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇಟಿಪಿ (ಕೊಳಕು ನೀರು ಶುದ್ಧ ಮಾಡುವ ಘಟಕ) ನೋಡಿಕೊಳ್ಳುತ್ತೇನೆ. ದಿನಕ್ಕೆ 25 ಸಾವಿರ ಲೀಟರ್ ನೀರು ಬರುತ್ತದೆ. ಈ ಸಲದ ರಿಪೋರ್ಟ್‌ನಲ್ಲಿ ಪಾದರಸ ಲೀಟರಿಗೆ 0.02 ಮಿಲಿಗ್ರಾಂ ಬಂದಿದೆ. ನಾವು ಪಾದರಸ ಬಳಸುವುದೇ ಇಲ್ಲ! ಸುಣ್ಣ ಜಾಸ್ತಿ ಹಾಕಿದರೂ ಇಳಿಯಲಿಲ್ಲ. ಕಲ್ಲಿದ್ದಲು ಬಾಯ್ಲರ್‌ಗೆ ನೀರಿನ ಸ್ಕ್ರಬ್ಬರ್ (ಹೊಗೆಯನ್ನು ನೀರಿನಿಂದ ತೊಳೆಯುವ ಸಾಧನ) ಇದೆ, ಹೊಗೆಗೆ ಅಷ್ಟು ಸಾಕಾ?
— ಒಬ್ಬ ಓದುಗ, ಮಾಲೂರು

ಉತ್ತರ: ಸುಣ್ಣ ಹಾಗಿರಲಿ, ಮೊದಲು ನಿಮ್ಮ ಲ್ಯಾಬ್‌ನ ಸಿಂಕ್ ನೋಡಿ. ಸಿಒಡಿ ಪರೀಕ್ಷೆ (ನೀರಿನ ಕೊಳೆಗೆ ಎಷ್ಟು ಆಮ್ಲಜನಕ ಬೇಕೆಂದು ಅಳೆಯುವುದು) ಅಲ್ಲೇ ಮಾಡುತ್ತೀರಿ ಅಲ್ವಾ? ಅದಕ್ಕೆ ಹಾಕುವ ಮರ್ಕ್ಯುರಿಕ್ ಸಲ್ಫೇಟ್‌ನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಪಾದರಸವೇ. 20 ಎಂಎಲ್ ಮಾದರಿಗೆ 0.4 ಗ್ರಾಂ ಹಾಕಿದರೆ ಸುಮಾರು 0.27 ಗ್ರಾಂ ಪಾದರಸ ಹೋಯಿತು. ಕೆರೆ, ಹಳ್ಳಕ್ಕೆ ಬಿಡುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ಒಂದೇ ಪರೀಕ್ಷೆಯ ದ್ರಾವಣ 27 ಸಾವಿರ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ದಿನಾ ಇನ್ಲೆಟ್, ಔಟ್ಲೆಟ್ ಎರಡೂ ಪರೀಕ್ಷೆ ಮಾಡಿ ಸಿಂಕಿಗೆ ಚೆಲ್ಲುತ್ತಿದ್ದರೆ ನಿಮ್ಮ ಲೆಕ್ಕ ಸರಿಯಾಗಿ 0.02ರ ಹತ್ತಿರಕ್ಕೇ ಬರುತ್ತದೆ. ಇವತ್ತಿನಿಂದಲೇ ಅದನ್ನು ಆಸಿಡ್ ತಡೆಯುವ ಕ್ಯಾನ್‌ನಲ್ಲಿ ಬೇರೆ ಕೂಡಿಡಿ, ಅಪಾಯಕಾರಿ ತ್ಯಾಜ್ಯಕ್ಕೆ ಪರವಾನಗಿ ಇರುವವರಿಗೆ ಕೊಡಿ.

ಸುಣ್ಣದಿಂದ ಪಾದರಸ ಸಾಕಷ್ಟು ಇಳಿಯುವುದಿಲ್ಲ. ಅದಕ್ಕೆ ಗಂಧಕ ಬೇಕು. ಸೋಡಿಯಂ ಸಲ್ಫೈಡ್ ಹಾಕಿದರೆ ಪಾದರಸ ಗಂಧಕದ ಜೊತೆ ಸೇರಿ ಕಪ್ಪು ಕೆಸರಾಗಿ ಕೂರುತ್ತದೆ, ಆಮೇಲೆ ಮರಳಿನ ಫಿಲ್ಟರ್, ಕೊನೆಗೆ ಆಕ್ಟಿವೇಟೆಡ್ ಕಾರ್ಬನ್ (ಉಳಿದದ್ದನ್ನು ಹೀರಿಕೊಳ್ಳುವ ಇದ್ದಿಲು). ಆದರೆ ಅತಿಯಾಗಿ ಹಾಕಿದರೆ ಕೂತ ಪಾದರಸ ಮತ್ತೆ ಕರಗುತ್ತದೆ. ಇನ್ನೊಂದು ಮಾತು, ದಯವಿಟ್ಟು ನೆನಪಿಡಿ: ಆಸಿಡ್ ಇರುವ ನೀರಿಗೆ ಸಲ್ಫೈಡ್ ಹಾಕಲೇಬೇಡಿ. ಹೈಡ್ರೋಜನ್ ಸಲ್ಫೈಡ್ ಅನಿಲ ಎದ್ದು ಟ್ಯಾಂಕ್ ಹತ್ತಿರ ನಿಂತವರ ಜೀವ ಹೋಗಬಹುದು. ಆ ಕೆಸರನ್ನೂ ಮಾಮೂಲಿ ಕೆಸರಿಗೆ ಬೆರೆಸಬೇಡಿ.

ಕಲ್ಲಿದ್ದಲು ಉರಿದಾಗಲೂ ಪಾದರಸ ಹೊಗೆಗೆ ಸೇರುತ್ತದೆ, ಅದಕ್ಕೆ ನೀರಿನ ಸ್ಕ್ರಬ್ಬರ್ ಒಂದೇ ಸಾಲದು. ಕ್ಲೋರಿನ್ ಜೊತೆ ಸೇರಿದ ಪಾದರಸ ನೀರಿನಲ್ಲಿ ಕರಗುತ್ತದೆ, ಬರೀ ಆವಿಯಾಗಿರುವುದು ಹಾಗೇ ಚಿಮಣಿ ದಾಟುತ್ತದೆ. ಅದನ್ನು ಹಿಡಿಯಲು ತಣಿದ ಹೊಗೆಗೆ ಕಾರ್ಬನ್ ಪುಡಿ ಊದಿ ಬ್ಯಾಗ್ ಫಿಲ್ಟರ್‌ನಲ್ಲಿ ತಡೆಯುತ್ತಾರೆ. ಬ್ರೋಮಿನ್ ಸೇರಿಸಿದ ಪುಡಿ ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ, ಕೆರೆಗೆ ಬಿದ್ದದ್ದು ಕೆರೆಯಲ್ಲೇ ಉಳಿಯುತ್ತದೆ. ಅಲ್ಲಿನ ಹೂಳಿನಲ್ಲಿ ಪಾದರಸ ಇನ್ನೂ ವಿಷಕಾರಿಯಾದ ಮೀಥೈಲ್ ಪಾದರಸವಾಗಿ ಮೀನು ಸೇರುತ್ತದೆ, ಮೀನಿಂದ ನಮ್ಮ ಮಕ್ಕಳ ತಟ್ಟೆಗೆ.

ಸ್ಕ್ರಬ್ಬರ್ ನೀರು ಇಟಿಪಿಗೇ ಬರುತ್ತಿದ್ದರೆ ಅದರ ಮಾದರಿ ಬೇರೆಯಾಗಿ ಪರೀಕ್ಷೆಗೆ ಕೊಡಿ. ಸಿಂಕಿನ ದಾರಿ ಬಂದ್ ಮಾಡಿದ ಮೇಲೆ ಈಕ್ವಲೈಸೇಶನ್ ಟ್ಯಾಂಕಿನ (ಬಂದ ನೀರೆಲ್ಲ ಮೊದಲು ಕೂಡಿ ಬೆರೆಯುವ ಟ್ಯಾಂಕ್) ಹಳೇ ಕೆಸರು ತೆಗೆಸಿ, ಆಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಹಳೇ ಪಾದರಸವೇ ರಿಪೋರ್ಟ್‌ನಲ್ಲಿ ಕಾಣಿಸುತ್ತಿರುತ್ತದೆ.