ಎಲೆಯೊಳಗೆ ಒಳ್ಳೆಯ ಶಿಲೀಂಧ್ರ ಇದ್ದರೆ ಬೋರ್ಡೋ ಬಿಡಬಹುದಾ?

ಪ್ರಶ್ನೆ: ಶಿರಸಿ ಹತ್ತಿರ ಅಡಿಕೆ ತೋಟದ ನಡುವೆ ಅರೇಬಿಕಾ ಕಾಫಿ ಹಾಕಿದ್ದೇವೆ. ಎಲೆಯ ಅಡಿಗೆ ಕಿತ್ತಳೆ ಪುಡಿ ಬಂದಿದೆ. ಕೆಲವು ಕಡೆ ಆ ಪುಡಿಯ ಮೇಲೆ ಬಿಳಿ ಬೂಸ್ಟು ಕೂತಿದೆ. ಕಾಫಿ ಎಲೆಯೊಳಗೇ ಒಳ್ಳೆಯ ಶಿಲೀಂಧ್ರಗಳಿದ್ದು ರೋಗ ತಡೆಯುತ್ತವಂತೆ. ಹಾಗಾದರೆ ಕಾಫಿಗೆ ಬೇರೆ ಮದ್ದು ಬೇಕಾ? ಅಡಿಕೆಗೆ ಹೇಗೂ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆಸುತ್ತೇವಲ್ಲ?

ಉತ್ತರ: ಬಿಳಿ ಬೂಸ್ಟು ಕಂಡ ಎಲೆಯನ್ನು ಆತುರಪಟ್ಟು ಕೀಳಬೇಡಿ. ಕಿತ್ತಳೆ ಪುಡಿ ಎಲೆ ತುಕ್ಕು ರೋಗದ್ದು. ಅದರ ಮೇಲೆ ಕೂತ ಬಿಳಿಯದು ಹೆಚ್ಚಾಗಿ ಲೆಕಾನಿಸಿಲಿಯಂ ಎಂಬ ಇನ್ನೊಂದು ಶಿಲೀಂಧ್ರ. ತುಕ್ಕನ್ನೇ ತಿಂದು ಬದುಕುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಪುಡಿ ಮಾಸಿ ಹತ್ತಿಯಂಥ ಎಳೆಗಳು ಹಬ್ಬಿರುತ್ತವೆ. ಕಾಫಿಯ ಹಸಿರು ಸ್ಕೇಲ್ ಕೀಟವನ್ನೂ ಇದೇ ಕೊಲ್ಲುತ್ತದೆ. ಆದರೆ ತುಕ್ಕು ಚೆನ್ನಾಗಿ ಹಬ್ಬಿದ ಮೇಲೇ ಇದು ಜೋರಾಗುವುದು. ಅಷ್ಟರಲ್ಲಿ ಎಲೆ ಉದುರಲು ಶುರುವಾಗಿರುತ್ತದೆ.

ನೀವು ಕೇಳಿದ್ದು ಎಲೆಯೊಳಗಿನವು, ಎಂಡೋಫೈಟ್‌ಗಳು. ಅವು ಬೇರೆ. ಆರೋಗ್ಯವಾಗಿರುವ ಎಲೆಯ ಒಳಗೇ ವಾಸ, ಹೊರಗಿನಿಂದ ಏನೂ ಕಾಣುವುದಿಲ್ಲ. ಕೆಲವು ರೋಗ ಬರುವ ಮೊದಲೇ ಜಾಗ ಹಿಡಿದಿರುತ್ತವೆ. ಕೆಲವು ರೋಗಾಣುವಿಗೆ ಆಗದ ರಸ ಬಿಡುತ್ತವೆ. ಇನ್ನು ಕೆಲವು ಗಿಡದ ಸ್ವಂತ ರಕ್ಷಣೆಯನ್ನೇ ಚುರುಕು ಮಾಡುತ್ತವೆ. ರೋಗ ತಡೆಯಲು ಬಳಸುವ ಟ್ರೈಕೋಡರ್ಮಾ, ಕೀಟ ಕೊಲ್ಲುವ ಬ್ಯುವೇರಿಯಾ ಎಂಬ ನಮಗೆ ಗೊತ್ತಿರುವ ಶಿಲೀಂಧ್ರಗಳು ಕೂಡ ಕಾಫಿ ಗಿಡದೊಳಗೆ ಸಿಕ್ಕಿವೆ. ಹಾಗಂತ ಒಳಗಿರುವುದೆಲ್ಲ ಒಳ್ಳೆಯದಲ್ಲ. ಕೊಲೆಟೋಟ್ರೈಕಮ್ ಜಾತಿಯ ಕೆಲವು ಶಿಲೀಂಧ್ರಗಳು ಸುಮ್ನೆ ಇದ್ದು, ಗಿಡ ಸೊರಗಿದಾಗ ರೆಂಬೆ ಒಣಗಿಸುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ರೋಗ ತಡೆದದ್ದು ನಮ್ಮ ಮಳೆಗಾಲದಲ್ಲೂ ತಡೆದೀತು ಎಂದು ನಂಬಿ ಕೂರುವಂತಿಲ್ಲ. ನನಗೆ ಈ ಶಿಲೀಂಧ್ರಗಳ ಮೇಲೆ ತುಂಬಾ ಭರವಸೆ ಇದೆ. ಆದರೂ ಬೋರ್ಡೋ ಬಿಡಿ ಎಂದು ಹೇಳಲಾರೆ.

ಅಡಿಕೆಗೆ ಹೊಡೆದದ್ದು ಕಾಫಿಗೂ ಆಯಿತು ಎಂಬ ಲೆಕ್ಕ ಮಾತ್ರ ತಪ್ಪು. ಅಡಿಕೆ ಮರ ಹತ್ತುವ ಕೊನೆಗೌಡರು ಮೇಲೆ ಅಡಿಕೆ ಗೊನೆಗೆ ಹೊಡೆಯುವಾಗ ಕೆಳಗೆ ಬೀಳುವ ಹನಿ ಕಾಫಿ ಎಲೆಯ ಮೇಲ್ಭಾಗದಲ್ಲಿ ನಿಲ್ಲುತ್ತದೆ. ತುಕ್ಕು ಒಳಗೆ ನುಗ್ಗುವುದು ಅಡಿಭಾಗದ ಸಣ್ಣ ರಂಧ್ರಗಳಿಂದ. ಕಾಫಿಗೆ ಬೇರೆಯಾಗಿಯೇ, ಎಲೆಯ ಅಡಿ ತೋಯುವಂತೆ ಹೊಡೆಯಬೇಕು. ತುಕ್ಕಿಗೆ ಶೇ. 0.5ರ ಬೋರ್ಡೋ ಸಾಕು: 100 ಲೀಟರ್ ನೀರಿಗೆ ಅರ್ಧ ಕಿಲೋ ಮೈಲುತುತ್ತು, ಅರ್ಧ ಕಿಲೋ ಸುಣ್ಣ. ಮಳೆಗಾಲದ ಮೊದಲು ಒಮ್ಮೆ, ಮಳೆ ಇಳಿದ ಮೇಲೆ ಇನ್ನೊಮ್ಮೆ. ಅಡಿಕೆಯ ಶೇ. 1ರ ಮದ್ದನ್ನೇ ತುಕ್ಕಿಗೆ ಸುರಿಯುವುದು ಬೇಡ. ಮೈಲುತುತ್ತಿನಲ್ಲಿರುವ ತಾಮ್ರಕ್ಕೆ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಎಂಬ ಭೇದವಿಲ್ಲ, ಜಾಸ್ತಿ ಹೊಡೆದಷ್ಟೂ ಆ ಬಿಳಿ ಬೂಸ್ಟಿಗೂ ಪೆಟ್ಟು. ಅದೇ ಕಾರಣಕ್ಕೆ ಟ್ರೈಕೋಡರ್ಮಾವನ್ನು ಬೋರ್ಡೋ ಜೊತೆ ಬೆರೆಸಬೇಡಿ.

ಕಪಾತು ಮಾಡಿ, ಅಂದರೆ ಹೆಚ್ಚಿನ ರೆಂಬೆ ಸವರಿ, ಗಿಡದ ನಡುವೆ ಗಾಳಿ ಆಡುವಂತೆ ಮಾಡಿ. ಎಲೆ ಒದ್ದೆ ಇರುವ ಹೊತ್ತು ಕಡಿಮೆಯಾದರೆ ತುಕ್ಕಿನ ಬೀಜಕಣ ಮೊಳೆಯುವುದೂ ಕಡಿಮೆ. ಹೊಸ ಗಿಡ ನೆಡುವುದಿದ್ದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಚಂದ್ರಗಿರಿ ತಳಿ ನೋಡಿ, ಅದಕ್ಕೆ ತುಕ್ಕು ತಡೆಯುವ ಶಕ್ತಿ ಜಾಸ್ತಿ.