ಅಮಲು ಇಳಿದ ಮೇಲೂ ದನಿಗಳು ಕೇಳಿಸುತ್ತಿದ್ದರೆ

ಗೆಳೆಯರೊಂದಿಗೆ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕವನ್ನು ಸೇವಿಸಿದ ನಿಮ್ಮ ತಮ್ಮ, ಮೂರು ವಾರ ಕಳೆದರೂ ಗೋಡೆಯಾಚೆ ಯಾರೋ ತನ್ನನ್ನು ಆಡಿಕೊಳ್ಳುತ್ತಿದ್ದಾರೆಂದು ಹೇಳುತ್ತಾ, ಫೋನಿನ ಕ್ಯಾಮೆರಾಕ್ಕೆ ಟೇಪು ಅಂಟಿಸಿಕೊಂಡು ಕೂತಿದ್ದಾನೆಂದು ಬರೆದಿದ್ದೀರಿ. ಮನೋವೈದ್ಯರು ರಿಸ್ಪೆರಿಡೋನ್ ಮಾತ್ರೆ ಕೊಟ್ಟಿದ್ದಾರೆ; ‘ವಿಷ ಮೈಯಿಂದ ಇಳಿದರೆ ತಾನಾಗಿ ಸರಿಹೋಗುತ್ತಾನೆ, ಮಾತ್ರೆ ಬೇಡ’ ಎಂಬುದು ನಿಮ್ಮ ತಂದೆಯವರ ನಿಲುವು. ಇದು ಮಾದಕ ವಸ್ತುವಿನ ಪರಿಣಾಮವೋ, ಸ್ಕಿಜೋಫ್ರೀನಿಯಾ ಎಂಬ ದೀರ್ಘಕಾಲದ ಮನೋರೋಗದ ಆರಂಭವೋ ಎಂದು ಕೇಳಿದ್ದೀರಿ.

ತಂದೆಯವರ ಮಾತಿಗೆ ಮೊದಲು ಉತ್ತರಿಸುತ್ತೇವೆ. ಎಲ್‌ಎಸ್‌ಡಿಯ ಅಮಲು ಸಾಮಾನ್ಯವಾಗಿ 8ರಿಂದ 12 ಗಂಟೆ ಇರುತ್ತದೆ. ಕೆಲವೇ ದಿನಗಳಲ್ಲಿ ಅದು ದೇಹವನ್ನು ಬಿಟ್ಟಿರುತ್ತದೆ. ಇಳಿಯಬೇಕಾದ ವಿಷ ಈಗ ಉಳಿದಿಲ್ಲ. ಅದು ಮಿದುಳಿನಲ್ಲಿ ಸಂದೇಶ ಸಾಗಿಸುವ ಸಿರೊಟೊನಿನ್ ಎಂಬ ರಾಸಾಯನಿಕದ ಗ್ರಾಹಕಗಳ ಮೇಲೆ ವರ್ತಿಸಿ ಹೋದ ನಂತರವೂ ಮುಂದುವರಿದಿರುವ ಏರುಪೇರನ್ನು ನೀವು ನೋಡುತ್ತಿದ್ದೀರಿ, ಮತ್ತು ಅದಕ್ಕೆ ಚಿಕಿತ್ಸೆ ಬೇಕು. ಬರೀ ಅಮಲಿನಲ್ಲಿರುವವನಿಗೆ ಬಣ್ಣಗಳು ಹರಿದಂತೆ, ಗೋಡೆ ಉಸಿರಾಡಿದಂತೆ ಕಾಣಬಹುದು, ಆದರೆ ಅದು ತಾನು ಸೇವಿಸಿದ್ದರ ಆಟವೆಂಬ ಅರಿವು ಬಹುಮಟ್ಟಿಗೆ ಉಳಿದಿರುತ್ತದೆ. ನಿಮ್ಮ ತಮ್ಮನಲ್ಲಿ ಆ ಅರಿವೇ ಹೋಗಿದೆ. ಟೇಪು ಹೇಳುವುದು ಅದನ್ನೇ.

ನಿಮ್ಮ ಪ್ರಶ್ನೆಗೆ ಇವತ್ತೇ ಉತ್ತರ ಬೇಕೆಂಬ ಆತುರ ನಮಗೆ ಅರ್ಥವಾಗುತ್ತದೆ, ಆದರೆ ಮೂರನೆಯ ವಾರದಲ್ಲಿ ಖಚಿತವಾಗಿ ಹೇಳುವ ವೈದ್ಯರನ್ನು ನಾವು ಅಷ್ಟಾಗಿ ನಂಬಲಾರೆವು. ಸೇವನೆ ನಿಂತು ಸುಮಾರು ಒಂದು ತಿಂಗಳು ಮೀರಿದರೂ ಲಕ್ಷಣಗಳು ಉಳಿದರೆ ಬೇರೆ ಮನೋರೋಗದ ಸಾಧ್ಯತೆಯನ್ನು ಪರಿಶೀಲಿಸಬೇಕೆಂಬುದು ವೈದ್ಯರು ಅನುಸರಿಸುವ ಅಳತೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಎಲ್‌ಎಸ್‌ಡಿಯಂಥ ಭ್ರಮಾಜನಕಗಳಿಂದ ಸೈಕೋಸಿಸ್ (ವಾಸ್ತವದ ಅರಿವು ತಪ್ಪಿ, ಇಲ್ಲದ ದನಿ ಕೇಳಿಸುವ, ಸುಳ್ಳು ನಂಬಿಕೆಗಳು ಮೂಡುವ ಸ್ಥಿತಿ) ಬಂದವರಲ್ಲಿ ಮುಂದೆ ಸ್ಕಿಜೋಫ್ರೀನಿಯಾಕ್ಕೆ ತಿರುಗಿದವರು ನೂರಕ್ಕೆ ಸುಮಾರು 26. ಗಾಂಜಾದ ವಿಷಯದಲ್ಲಿ ಇದು 34. ಅಂದರೆ ಹೆಚ್ಚಿನವರು ಆ ದಾರಿ ಹಿಡಿಯುವುದಿಲ್ಲ, ಆದರೆ ಕಡೆಗಣಿಸುವಷ್ಟು ಚಿಕ್ಕ ಪಾಲೂ ಇದಲ್ಲ. ಸಮಾಧಾನದ ಸಂಗತಿಯೆಂದರೆ, ಚಿಕಿತ್ಸೆ ಈ ತೀರ್ಪಿಗಾಗಿ ಕಾಯಬೇಕಿಲ್ಲ: ಎರಡರಲ್ಲೂ ಮೊದಲ ಹೆಜ್ಜೆ ಬಹುತೇಕ ಒಂದೇ.

ಆರಂಭದ ಗಾಬರಿಗೆ ಲೊರಾಜೆಪಾಮ್‌ನಂಥ ಶಾಮಕವನ್ನು ಕೆಲವು ದಿನ ಕೊಡುವುದುಂಟು. ದನಿಗಳಿಗೂ ಸಂಶಯಕ್ಕೂ ರಿಸ್ಪೆರಿಡೋನ್, ಒಲಾಂಜಪಿನ್‌ನಂಥ ಔಷಧಿಗಳನ್ನು ಸಾಧ್ಯವಾದಷ್ಟು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ದನಿಗಳು ನಿಂತ ಮರುದಿನವೇ ಮಾತ್ರೆ ಬಿಟ್ಟರೆ ಲಕ್ಷಣಗಳು ಮರುಕಳಿಸಬಹುದು. ಯಾವಾಗ, ಎಷ್ಟೆಷ್ಟು ಇಳಿಸುತ್ತಾ ಹೋಗಬೇಕೆಂಬುದನ್ನು ವೈದ್ಯರಿಗೇ ಬಿಡಿ. ಮನೆಯಲ್ಲಿ ‘ಅಲ್ಲಿ ಯಾರೂ ಇಲ್ಲ’ ಎಂದು ವಾದಕ್ಕಿಳಿಯುವುದರಿಂದಲೂ, ಹೌದೆಂದು ಅವನ ನಂಬಿಕೆಗೆ ತಾಳ ಹಾಕುವುದರಿಂದಲೂ ಉಪಯೋಗವಿಲ್ಲ. ‘ನನಗೆ ಕೇಳಿಸುತ್ತಿಲ್ಲ, ನಿನಗೆ ಭಯವಾಗಿದೆ ಎಂಬುದು ಗೊತ್ತು’ ಎಂದರೆ ಸಾಕು. ರಾತ್ರಿಯ ನಿದ್ದೆ ಕೆಡದಂತೆ ನೋಡಿಕೊಳ್ಳಿ. ಗಾಂಜಾ ಸೇರಿದಂತೆ ಯಾವ ಮಾದಕವೂ ಅವನ ಕೈಗೆ ಸಿಗಬಾರದು.

ಸೈಕೋಸಿಸ್ ಹೋಗಿಯೂ ಕೆಲವರಿಗೆ ಚಲಿಸುವ ವಸ್ತುಗಳ ಹಿಂದೆ ಬಾಲದಂತೆ ಗೆರೆ ಕಾಣುವುದು, ದೃಷ್ಟಿಯಲ್ಲಿ ಚುಕ್ಕೆಗಳು ಮಿನುಗುವುದು ತಿಂಗಳುಗಟ್ಟಲೆ ಉಳಿಯುತ್ತದೆ. ಇದು ಬೇರೆಯೇ ತೊಂದರೆ. ಕೆಲವರಲ್ಲಿ ರಿಸ್ಪೆರಿಡೋನ್ ಇದನ್ನು ಹೆಚ್ಚಿಸಿದ ವರದಿಗಳೂ ಇರುವುದರಿಂದ, ಹಾಗೇನಾದರೂ ಕಂಡರೆ ವೈದ್ಯರಿಗೆ ಹೇಳಬೇಕು.

ಮುಂದಿನ ಭೇಟಿಯಲ್ಲಿ ಇನ್ನೂ ಮೂರು ವಿಷಯ ತಿಳಿಸಿ: ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ, ಘಟನೆಗೆ ಮುಂಚೆಯೇ ಅವನು ಒಂಟಿಯಾಗತೊಡಗಿದ್ದನೇ, ಜೊತೆಗೆ ಬೇರೇನು ಸೇವಿಸಿದ್ದ. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಎಲ್‌ಎಸ್‌ಡಿ ಪತ್ತೆಯಾಗುವುದಿಲ್ಲ, ಆ ಹೆಸರಿನಲ್ಲಿ ಬೇರೆ ರಾಸಾಯನಿಕಗಳೂ ಮಾರಾಟವಾಗುತ್ತವೆ. ಹಾಗಾಗಿ ಆ ದಿನ ಜೊತೆಗಿದ್ದ ಗೆಳೆಯರನ್ನು ಬೈಯದೆ ವಿಚಾರಿಸಿ. ದನಿಗಳು ಸಾಯಲು ಅಥವಾ ಹೊಡೆಯಲು ಹೇಳುತ್ತಿವೆ ಎಂದು ಅವನು ಹೇಳಿದರೆ, ಇಲ್ಲವೇ ಮಾತ್ರೆ ಶುರುವಾದ ಮೇಲೆ ಜ್ವರ ಬಂದು ಮೈ ಬಿಗಿದು ಸೆಟೆದುಕೊಂಡರೆ, ಮುಂದಿನ ಭೇಟಿಗೆ ಕಾಯದೆ ಆ ಕ್ಷಣವೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.

– ಸಂಪಾದಕ